ಸ್ಮಾರ್ಟ್ ಸ್ವಿಚ್ ಮಾತು ಕೇಳದಿದ್ದಾಗ: ಮನೆಯ ವೈಫೈ ಮತ್ತು ದೀಪದ ಸ್ವಿಚ್‌ಗಳ ದೋಷ ನಿವಾರಣೆ ಕೈಪಿಡಿ

ಫೋನಿನಲ್ಲಿ ಒತ್ತಿದರೂ ಹಜಾರದ ದೀಪ ಹತ್ತದಿದ್ದಾಗ ಮೊದಲು ಮಾಡಬೇಕಾದ ಕೆಲಸಕ್ಕೆ ಫೋನೂ ಬೇಡ, ಸ್ಕ್ರೂಡ್ರೈವರೂ ಬೇಡ. ಎದ್ದು ಹೋಗಿ ಗೋಡೆಯ ಮೇಲಿರುವ ಸ್ವಿಚ್ಚನ್ನೇ ಒತ್ತಿ ನೋಡಬೇಕು. ಅಲ್ಲಿ ಒತ್ತಿದಾಗ ದೀಪ ಸರಿಯಾಗಿ ಹತ್ತಿ ಆರಿದರೆ ವೈರಿಂಗ್, ಸ್ವಿಚ್ಚಿನೊಳಗಿನ ರಿಲೇ (ದೀಪದ ಕರೆಂಟನ್ನು ಕೂಡಿಸಿ ಬಿಡಿಸುವ ಭಾಗ) ಮತ್ತು ಬಲ್ಬು ಮೂರೂ ನೆಟ್ಟಗಿವೆ ಎಂದರ್ಥ. ಆಗ ದೋಷವನ್ನು ವೈಫೈ ಅಥವಾ ಇಂಟರ್‌ನೆಟ್ಟಿನ ಕಡೆ ಹುಡುಕಬೇಕು, ಬೋರ್ಡ್ ಬಿಚ್ಚುವ ಅಗತ್ಯವಿಲ್ಲ. ಗೋಡೆಯಲ್ಲಿ ಒತ್ತಿದರೂ ಹತ್ತದಿದ್ದರೆ ತೊಂದರೆ ಕರೆಂಟಿನ ಕಡೆಗಿದೆ, ರೂಟರನ್ನು ಎಷ್ಟು ಬಾರಿ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಾಗುವುದಿಲ್ಲ. ಈ ಎರಡನ್ನು ಬೇರ್ಪಡಿಸಿಕೊಳ್ಳದೆ ಕೈಹಾಕಿ, ಸರಿಯಾಗಿದ್ದ ಸ್ವಿಚ್ಚನ್ನು ಬಿಚ್ಚಿ ಕೆಡಿಸಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಇಲ್ಲಿ ಹೇಳುವುದೆಲ್ಲ ನೇರವಾಗಿ ವೈಫೈಗೆ ಸೇರುವ ಎರಡು ಬಗೆಯ ಸ್ವಿಚ್‌ಗಳಿಗೆ ಅನ್ವಯಿಸುತ್ತದೆ. ಒಂದು, ಹಳೆಯ ಸ್ವಿಚ್ಚಿನ ಹಿಂದೆ ಬೋರ್ಡಿನೊಳಗೆ ಅಡಗಿಸಿಡುವ, ಬೆಂಕಿಪೊಟ್ಟಣದಷ್ಟು ಗಾತ್ರದ ಮಾಡ್ಯೂಲು. ಇನ್ನೊಂದು, ಹಳೆಯ ಸ್ವಿಚ್‌ಗಳನ್ನೇ ತೆಗೆದು ಕೂರಿಸುವ ಗಾಜಿನ ಟಚ್ ಪ್ಯಾನೆಲು.

## ಬೋರ್ಡ್ ಬಿಚ್ಚುವ ಮೊದಲು

ನಮ್ಮ ಮನೆಗಳಲ್ಲಿ ಕರೆಂಟು ಎರಡು ದಾರಿಯಿಂದ ಬರುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಇಳಿಸಿದ ಮರುಕ್ಷಣವೇ ಇನ್ವರ್ಟರ್ ಎಚ್ಚೆತ್ತುಕೊಂಡು ಅದೇ ಬೋರ್ಡಿಗೆ 230 ವೋಲ್ಟ್ ಕಳಿಸತೊಡಗುತ್ತದೆ. ಆದ್ದರಿಂದ ಮೇನ್ ಅಥವಾ ಆ ಕೋಣೆಯ ಎಂಸಿಬಿಯನ್ನು (ಹೆಚ್ಚು ಕರೆಂಟು ಹರಿದರೆ ತಾನಾಗಿಯೇ ಬೀಳುವ ಸ್ವಿಚ್) ಇಳಿಸುವುದರ ಜೊತೆಗೆ ಇನ್ವರ್ಟರಿನ ಔಟ್‌ಪುಟ್ಟನ್ನೂ ಆಫ್ ಮಾಡಬೇಕು. ಟೆಸ್ಟರನ್ನು ಮೊದಲು ಕರೆಂಟು ಇದೆಯೆಂದು ಗೊತ್ತಿರುವ ಸಾಕೆಟ್ಟಿನಲ್ಲಿ ಹಿಡಿದು, ಅದು ಉರಿಯುತ್ತದೆಯೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಬಿಚ್ಚಿದ ಬೋರ್ಡಿನ ಪ್ರತಿಯೊಂದು ವೈರಿಗೂ ಮುಟ್ಟಿಸಿ ನೋಡಬೇಕು. ಕೆಟ್ಟ ಟೆಸ್ಟರು ಉರಿಯದೇ ಇರುವುದನ್ನು ನಂಬಿ ವೈರು ಹಿಡಿಯುವುದಕ್ಕಿಂತ ಅಪಾಯಕಾರಿ ತಪ್ಪು ಈ ಕೆಲಸದಲ್ಲಿ ಇನ್ನೊಂದಿಲ್ಲ.

ವೈರಿನ ಬಣ್ಣವನ್ನೂ ನಂಬಬಾರದು. ಕೆಂಪು, ಹಳದಿ, ನೀಲಿ ಫೇಸಿಗೆ (ಕರೆಂಟು ತರುವ ತಂತಿ), ಕಪ್ಪು ನ್ಯೂಟ್ರಲ್ಲಿಗೆ (ಕರೆಂಟು ಮರಳುವ ತಂತಿ), ಹಸಿರು ಅರ್ತಿಗೆ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ) ಎಂಬುದು ನಮ್ಮಲ್ಲಿ ರೂಢಿಯಾದ ಪದ್ಧತಿಯಾದರೂ, ಮನೆ ಕಟ್ಟುವಾಗ ಕೈಗೆ ಸಿಕ್ಕ ತುಂಡನ್ನು ಎಳೆದು ಮುಗಿಸಿದ ಬೋರ್ಡುಗಳು ಎಲ್ಲೆಲ್ಲೂ ಇವೆ. ಮಲ್ಟಿಮೀಟರಿನಲ್ಲಿ ಫೇಸು ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟು ತೋರಿಸಬೇಕು. ಈ ಅಳತೆಯನ್ನು ಕರೆಂಟು ಇರುವಾಗಲೇ ಮಾಡಬೇಕಾದ್ದರಿಂದ, ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ನಿಗೆ ಬಿಡುವುದೇ ಸರಿ.

## ಗೋಡೆಯಲ್ಲಿ ಒತ್ತಿದರೆ ಹತ್ತುತ್ತದೆ, ಫೋನಿನಲ್ಲಿ ‘ಆಫ್‌ಲೈನ್’ ಎನ್ನುತ್ತದೆ

ಒಂದೇ ಸ್ವಿಚ್ ಆಫ್‌ಲೈನ್ ಆಗಿದೆಯೋ ಮನೆಯ ಎಲ್ಲವೂ ಆಗಿವೆಯೋ ನೋಡಬೇಕು. ಒಂದೇ ಆಗಿದ್ದರೆ ‘ಒಂದು ಕೋಣೆಯ ಸ್ವಿಚ್ ಮಾತ್ರ’ ಎಂಬ ಭಾಗಕ್ಕೆ ಹೋಗಬಹುದು. ಎಲ್ಲವೂ ಆಗಿದ್ದರೆ ರೂಟರಿನ ಮುಂದೆ ನಿಂತು ಅದರ ದೀಪಗಳನ್ನು ಓದಬೇಕು.

ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ‘ಪಾನ್’ (PON) ಎಂಬ ಹಸಿರು ದೀಪ ಅಲುಗದೆ ಉರಿಯಬೇಕು, ‘ಲಾಸ್’ (LOS) ಎಂಬ ದೀಪ ಆರಿರಬೇಕು. ಲಾಸ್ ಕೆಂಪಗಾಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಪೆಟ್ಟಿಗೆಯ ಹಿಂದೆ ತೆಳುವಾದ ಹಳದಿ ಅಥವಾ ಬಿಳಿ ಎಳೆ ಎಲ್ಲಾದರೂ ಚೂಪಾಗಿ ಮಡಚಿಕೊಂಡಿದೆಯೇ, ಸೋಫಾದ ಕಾಲಿನಡಿ ಸಿಕ್ಕಿಕೊಂಡಿದೆಯೇ, ಇಲಿ ಕಡಿದಿದೆಯೇ ಎಂದು ನೋಡುವುದಷ್ಟೇ ನಮ್ಮ ಪಾಲಿನ ಕೆಲಸ. ಮಲೆನಾಡಿನಲ್ಲಿ ಹೊರಗಿನ ತಂತಿಗೆ ಮಂಗ ಜೋತುಬಿದ್ದಿದೆಯೇ ಎಂದೂ ನೋಡಬೇಕಾಗುತ್ತದೆ. ಹಸಿರು ತಲೆಯ ಕನೆಕ್ಟರನ್ನು ಕಿತ್ತು ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಕೂಡದು. ಅದರಲ್ಲಿ ಹರಿಯುವುದು 1490 ನ್ಯಾನೋಮೀಟರಿನ ಆಸುಪಾಸಿನ ಅವಕೆಂಪು ಲೇಸರ್ ಕಿರಣ, ಅದು ಕಣ್ಣಿಗೆ ಕಾಣಿಸುವುದೇ ಇಲ್ಲ. ಮಡಿಕೆ ಬಿಡಿಸಿದ ಮೇಲೂ ಲಾಸ್ ಕೆಂಪಗೇ ಇದ್ದರೆ ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿ ‘ಲಾಸ್ ದೀಪ ಕೆಂಪಗಿದೆ’ ಎಂದು ಇದೇ ಮಾತಿನಲ್ಲಿ ಹೇಳಿದರೆ, ರೂಟರನ್ನು ಆಫ್ ಮಾಡಿ ಆನ್ ಮಾಡಿ ಎಂಬ ಮೊದಲ ಸುತ್ತಿನ ಉಪದೇಶದಿಂದ ಬಹುಮಟ್ಟಿಗೆ ಪಾರಾಗಬಹುದು.

ದೀಪಗಳೆಲ್ಲ ಸರಿಯಿದ್ದೂ ರೂಟರು ಸಂಜೆಯ ಹೊತ್ತಿಗೆ ತಾನಾಗಿಯೇ ಆರಿ ಹತ್ತುತ್ತಿದ್ದರೆ ಅಡಾಪ್ಟರಿನ ಮೇಲಿನ ಅಕ್ಷರಗಳನ್ನು ಓದಬೇಕು. ಹಲವು ರೂಟರುಗಳಿಗೆ 12 ವೋಲ್ಟಿನ, 1 ಅಥವಾ 1.5 ಆಂಪಿಯರಿನ ಅಡಾಪ್ಟರು ಬೇಕು. ಮನೆ ಗುಡಿಸಿ ಒರೆಸುವಾಗ ಸೆಟ್‌ಟಾಪ್ ಬಾಕ್ಸಿನದು ಇದಕ್ಕೆ, ಇದರದು ಅದಕ್ಕೆ ಅದಲುಬದಲಾಗುವುದು ಸಾಮಾನ್ಯ. ಎರಡೂ ಕರಿಯವು, ಎರಡರ ಪಿನ್ನೂ ಕೂಡುತ್ತದೆ, ಆದರೆ ಆಂಪಿಯರ್ ಕಡಿಮೆಯಿರುವುದು ಮನೆಮಂದಿಯೆಲ್ಲ ಒಟ್ಟಿಗೆ ವಿಡಿಯೊ ನೋಡಲು ಕೂತ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

ಹಳೆಯ ರೂಟರು ಹೋಗಿ ಹೊಸದು ಬಂದ ದಿನವೇ ಎಲ್ಲ ಸ್ವಿಚ್‌ಗಳೂ ಆಫ್‌ಲೈನ್ ಆಗಿದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಸ್ವಿಚ್‌ಗಳು ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ನೆನಪಿಟ್ಟುಕೊಂಡು ಅದನ್ನೇ ಹುಡುಕುತ್ತಿರುತ್ತವೆ. ಹೊಸ ರೂಟರಿಗೆ ಅಕ್ಷರಶಃ ಅದೇ ಹೆಸರು, ಅದೇ ಪಾಸ್‌ವರ್ಡ್, ಹಿಂದಿನಂತೆಯೇ ಡಬ್ಲ್ಯುಪಿಎ2 ಭದ್ರತೆ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅವು ತಾವಾಗಿಯೇ ಬಂದು ಸೇರುತ್ತವೆ, ಒಂದೊಂದನ್ನೂ ಹೊಸದಾಗಿ ಜೋಡಿಸುವ ಶ್ರಮ ತಪ್ಪುತ್ತದೆ.

## ಹೊಸ ಸ್ವಿಚ್ ಜೋಡಿಸುವಾಗಲೇ ವೈಫೈಗೆ ಸೇರುವುದಿಲ್ಲ

ಆಪ್‌ನಲ್ಲಿ ಶೇಕಡಾವಾರು ಚಕ್ರ ತಿರುಗಿ ತಿರುಗಿ ಕೊನೆಗೆ ‘ಆಗಲಿಲ್ಲ’ ಎನ್ನುವುದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು. ಇದರ ಮುಖ್ಯ ಕಾರಣ ಅಲೆಪಟ್ಟಿ (ಬ್ಯಾಂಡ್). ಈ ಬಗೆಯ ಬಹುಪಾಲು ಸ್ವಿಚ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕೇಳಿಸುತ್ತದೆ, 5 ಗಿಗಾಹರ್ಟ್ಸ್ ಇದೆಯೆಂಬುದೇ ಅವಕ್ಕೆ ತಿಳಿಯದು. ಇಂದಿನ ರೂಟರುಗಳು ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತವೆ. ಫೋನು 5ರಲ್ಲಿ ನಿಂತು 2.4ರಲ್ಲಿರುವ ಸ್ವಿಚ್ಚನ್ನು ಕರೆದಾಗ ಕೆಲವು ಸ್ವಿಚ್‌ಗಳು ಓಗೊಡುವುದಿಲ್ಲ. ಬ್ರೌಸರಿನಲ್ಲಿ 192.168.1.1 ಅಥವಾ ರೂಟರಿನ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ತೆರೆದು, ಜೋಡಣೆ ಮುಗಿಯುವವರೆಗೆ 5 ಗಿಗಾಹರ್ಟ್ಸನ್ನು ನಿಲ್ಲಿಸಬಹುದು, ಇಲ್ಲವೆ ಎರಡಕ್ಕೂ ಬೇರೆ ಬೇರೆ ಹೆಸರು ಇಡಬಹುದು. ಅಲ್ಲೇ ಭದ್ರತೆಯ ವಿಧ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯುಪಿಎ2ಕ್ಕೆ ಇಳಿಸಬೇಕು. ಚಾನೆಲ್ 12 ಅಥವಾ 13 ಆಗಿದ್ದರೆ 1, 6, 11ರಲ್ಲೊಂದನ್ನು ಆರಿಸಬೇಕು. ‘ಗೆಸ್ಟ್’ ಹೆಸರಿನ ವೈಫೈಯನ್ನು ಈ ಕೆಲಸಕ್ಕೆ ಬಳಸದಿರುವುದು ಲೇಸು, ಏಕೆಂದರೆ ಅದರಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಗೋಡೆ ಹಾಕಿರುವುದುಂಟು.

ಫೋನಿನ ಕಡೆ ನೋಡಬೇಕಾದ್ದು ಮೂರು. ಆಪ್‌ಗೆ ಲೊಕೇಶನ್ ಅನುಮತಿ ಇರಬೇಕು, ವಿಪಿಎನ್ ನಿಂತಿರಬೇಕು, ಮೊಬೈಲ್ ಡೇಟಾ ಆಫ್ ಆಗಿರಬೇಕು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಕೆಲವು ಸ್ವಿಚ್‌ಗಳು ಜೋಡಣೆಯ ಹೊತ್ತಿನಲ್ಲಿ ತಮ್ಮದೇ ಪುಟ್ಟ ವೈಫೈ ಎಬ್ಬಿಸುತ್ತವೆ, ಅದರಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರಿಬಿಡುತ್ತದೆ. ಸ್ವಿಚ್ಚಿನ ಪುಟ್ಟ ದೀಪ ಚಕಚಕನೆ ಮಿನುಗುವುದಕ್ಕೂ ನಿಧಾನವಾಗಿ ಮಿನುಗುವುದಕ್ಕೂ ಅರ್ಥ ಬೇರೆ. ಹಲವು ಸ್ವಿಚ್‌ಗಳಲ್ಲಿ ವೇಗದ ಮಿನುಗು ಸಾಮಾನ್ಯ ಜೋಡಣೆಯನ್ನೂ ನಿಧಾನದ ಮಿನುಗು ಈ ಸ್ವಂತ ವೈಫೈ ಜೋಡಣೆಯನ್ನೂ ಸೂಚಿಸುತ್ತದೆ. ಪೆಟ್ಟಿಗೆಯೊಳಗಿನ ಚೀಟಿ ಓದಿ ಹೊಂದಿಸಿಕೊಳ್ಳಬೇಕು.

ಕನ್ನಡದಂಥ ಲಿಪಿಯಲ್ಲಿ ಹೆಸರಿಡುವವರಿಗೆ ಎದುರಾಗುವ ಒಂದು ತೊಡಕೂ ಇದೆ. ವೈಫೈ ಹೆಸರನ್ನು ಕನ್ನಡದಲ್ಲಿಟ್ಟರೆ ಫೋನುಗಳು ಚೆನ್ನಾಗಿಯೇ ಓದುತ್ತವೆ, ಸ್ವಿಚ್‌ಗಳು ಮಾತ್ರ ಕೆಲವೊಮ್ಮೆ ಮುಗ್ಗರಿಸುತ್ತವೆ. ವೈಫೈ ಹೆಸರಿಗೆ ಮಿತಿ 32 ಬೈಟುಗಳು. ಕನ್ನಡದ ಪ್ರತಿ ಅಕ್ಷರಸಂಕೇತವೂ ಮೂರು ಬೈಟು ತಿನ್ನುತ್ತದೆ, ಅದರಲ್ಲಿ ಗುಣಿತ ಚಿಹ್ನೆಗಳೂ ಒತ್ತಕ್ಷರದ ಹಿಂದೆ ಅಡಗಿರುವ ಹಲಂತ ಚಿಹ್ನೆಯೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ನಮ್ಮ ಮನೆ’ ಎಂಬುದು 22 ಬೈಟಿನಲ್ಲಿ ಕೂರುತ್ತದೆ. ‘ಶ್ರೀ ಗುರು ಕೃಪಾ’ ಎಂದು ಮನೆಯ ಹೆಸರನ್ನೇ ಇಡಹೊರಟರೆ 38 ಬೈಟಾಗಿ ಮಿತಿ ಮೀರುತ್ತದೆ. ನನಗೂ ಕನ್ನಡದಲ್ಲೇ ಇಡುವ ಆಸೆಯಿತ್ತು. ಕೊನೆಗೆ 5 ಗಿಗಾಹರ್ಟ್ಸಿಗೆ ಕನ್ನಡದ ಹೆಸರು, ಸ್ವಿಚ್‌ಗಳಿರುವ 2.4ಕ್ಕೆ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರು ಎಂದು ರಾಜಿ ಮಾಡಿಕೊಂಡೆ.

ಇಷ್ಟಾದರೂ ಸೇರದಿದ್ದರೆ ದೋಷ ರೂಟರಿನದೋ ಸ್ವಿಚ್ಚಿನದೋ ಎಂದು ತೀರ್ಮಾನಿಸಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಮನೆಯಲ್ಲಿರುವ ಇನ್ನೊಂದು ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸಿಗೆ ಹೊಂದಿಸಿ, ಸ್ವಿಚ್ಚನ್ನು ಅದಕ್ಕೆ ಸೇರಿಸಲು ಪ್ರಯತ್ನಿಸಬೇಕು. ಅದಕ್ಕೆ ಸೇರಿದರೆ ತೊಂದರೆ ರೂಟರಿನ ಹೊಂದಿಕೆಯಲ್ಲಿದೆ. ಅದಕ್ಕೂ ಸೇರದಿದ್ದರೆ ಸ್ವಿಚ್ಚನ್ನು ಅಂಗಡಿಗೆ ಹಿಂದಿರುಗಿಸಬಹುದು.

## ಒಂದು ಕೋಣೆಯ ಸ್ವಿಚ್ ಮಾತ್ರ ಆಗಾಗ ಕೈಬಿಡುತ್ತದೆ

ಇದು ಹೆಚ್ಚಾಗಿ ಸಿಗ್ನಲ್ಲಿನ ಸಮಸ್ಯೆ. ಹಲವು ಆಪ್‌ಗಳಲ್ಲಿ ಸ್ವಿಚ್ಚಿನ ವಿವರ ತೆರೆದರೆ ಸಿಗ್ನಲ್ ಬಲ ಋಣಸಂಖ್ಯೆಯಲ್ಲಿ ಕಾಣುತ್ತದೆ. ಅದು ಮೈನಸ್ 65ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ, ಮೈನಸ್ 80 ದಾಟಿದರೆ ಸ್ವಿಚ್ ಇಂದಲ್ಲ ನಾಳೆ ಕೈಬಿಡುತ್ತದೆ. ಅದೇ ಜಾಗದಲ್ಲಿ ಫೋನಿಗೆ ಎರಡು ಗೆರೆ ಸಿಗ್ನಲ್ ಇದೆಯೆಂಬುದು ಸಾಕ್ಷಿಯಾಗದು. ಮಾಡ್ಯೂಲು ಕೂತಿರುವುದು ಗೋಡೆಯೊಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ಮುಂದಿನ ಪ್ಲಾಸ್ಟಿಕ್ ಮುಚ್ಚಳದ ಕಡೆಯೊಂದೇ ಅಲೆಗೆ ದಾರಿ. ಬೋರ್ಡಿನೊಳಗೆ ಮಾಡ್ಯೂಲನ್ನು ವೈರುಗಳ ಗಂಟಿನ ಹಿಂದಿನಿಂದ ಬಿಡಿಸಿ ಮುಚ್ಚಳದ ಹತ್ತಿರಕ್ಕೆ ತಂದಿಟ್ಟರೆ ಎಷ್ಟೋ ವೇಳೆ ಅಷ್ಟೇ ಸಾಕಾಗುತ್ತದೆ.

ಎರಡನೆಯ ಅಗ್ಗದ ಉಪಾಯ ರೂಟರಿನ ಜಾಗ ಬದಲಿಸುವುದು. ಟಿವಿ ಕಪಾಟಿನೊಳಗೆ ಅಥವಾ ಫ್ರಿಜ್ಜಿನ ಹಿಂದೆ ಬಚ್ಚಿಟ್ಟ ರೂಟರನ್ನು ಹೊರಗೆ ಎದೆಯೆತ್ತರಕ್ಕೆ ತರಬೇಕು. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆಗಳಿರುವ ಹಳೆಯ ಮನೆಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದಿರುವಾಗ, ಎರಡು ಗೋಡೆ ದಾಟಿದ ಮೇಲೆ ಸಿಗ್ನಲ್ಲಿನ ಮೇಲೆ ಆಸೆ ಇಡುವಂತಿಲ್ಲ. ಅಲ್ಲಿ ಲ್ಯಾನ್ ಕೇಬಲ್ ಎಳೆದು ಎರಡನೆಯ ರೂಟರ್ ಕೂರಿಸುವುದೇ ಬಾಳಿಕೆಯ ದಾರಿ. ಹಾಗೆ ಕೂರಿಸುವಾಗ ಅದನ್ನು ಆಕ್ಸೆಸ್ ಪಾಯಿಂಟ್ ರೀತಿಯಲ್ಲಿ, ಅಂದರೆ ಮೊದಲ ರೂಟರಿನ ನೆಟ್‌ವರ್ಕನ್ನೇ ಮುಂದುವರಿಸುವಂತೆ ಹೊಂದಿಸಿ, ಅದು ತಾನೇ ವಿಳಾಸ ಹಂಚದಂತೆ ಡಿಎಚ್‌ಸಿಪಿಯನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಮನೆಯಲ್ಲಿ ಎರಡು ಬೇರೆ ನೆಟ್‌ವರ್ಕುಗಳಾಗಿ, ಇಂಟರ್‌ನೆಟ್ ಇರುವಾಗ ಎಲ್ಲವೂ ಸರಿಯಿದ್ದಂತೆ ಕಂಡು, ಅದು ಹೋದ ದಿನ ಒಂದರಲ್ಲಿರುವ ಫೋನಿಗೆ ಇನ್ನೊಂದರಲ್ಲಿರುವ ಸ್ವಿಚ್ ಸಿಗದಂತಾಗುತ್ತದೆ.

## ಕರೆಂಟು ಹೋಗಿ ಬಂದ ಮೇಲೆ ದೀಪಗಳು ತಾವಾಗಿಯೇ ಹತ್ತುತ್ತವೆ, ಅಥವಾ ಸ್ವಿಚ್‌ಗಳು ನಾಪತ್ತೆಯಾಗುತ್ತವೆ

ನಡುರಾತ್ರಿ ಮಲಗುವ ಕೋಣೆಯ ದೀಪ ಹತ್ತಿಕೊಂಡರೆ ಮನೆಮಂದಿ ಹೆದರುತ್ತಾರೆ, ಆದರೆ ಇದು ದೋಷವೇ ಅಲ್ಲ. ಕರೆಂಟು ಮರಳಿದಾಗ ಏನಾಗಬೇಕು ಎಂಬ ಆಯ್ಕೆ ಆಪ್‌ನಲ್ಲಿರುತ್ತದೆ. ಅದನ್ನು ‘ಆಫ್’ ಅಥವಾ ‘ಹಿಂದಿನ ಸ್ಥಿತಿ’ ಎಂದು ಬದಲಿಸಿದರೆ ಮುಗಿಯಿತು.

ನಾಪತ್ತೆಯಾಗುವುದಕ್ಕೆ ಕಾರಣ ಬೇರೆ. ಸ್ವಿಚ್ ಕೆಲವೇ ಸೆಕೆಂಡುಗಳಲ್ಲಿ ಎಚ್ಚರಗೊಳ್ಳುತ್ತದೆ, ರೂಟರಿಗೆ ಎರಡು ಮೂರು ನಿಮಿಷ ಬೇಕು. ಹೆಚ್ಚಿನವು ಮತ್ತೆ ಮತ್ತೆ ಹುಡುಕಿ ಸೇರಿಕೊಳ್ಳುತ್ತವೆ, ಅಗ್ಗದ ಕೆಲವು ಒಂದೆರಡು ಸಲ ನೋಡಿ ಸುಮ್ಮನಾಗುತ್ತವೆ. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದರೆ ಈ ಸಮಸ್ಯೆ ಅಲ್ಲಿಗೇ ತೀರುತ್ತದೆ. ರೂಟರು ಇನ್ವರ್ಟರಿನ ಲೈನಿನಲ್ಲಿದ್ದೂ ಕರೆಂಟು ಹೋದ ಕ್ಷಣ ಆರಿ ಹತ್ತುತ್ತಿದ್ದರೆ ಇನ್ವರ್ಟರಿನ ಹಿಂಭಾಗದ ಸಣ್ಣ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ತಿರುಗಿಸಿ ನೋಡಬಹುದು. ಸ್ಕ್ವೇರ್ ವೇವ್ ಬಗೆಯ ಹಳೆಯ ಇನ್ವರ್ಟರಿನಲ್ಲಿ ಟಚ್ ಪ್ಯಾನೆಲು ಗುಂಯ್ ಎಂದು ಸದ್ದು ಮಾಡತೊಡಗಿದರೆ ಅದನ್ನು ಆ ಲೈನಿನಿಂದ ಬಿಡಿಸುವುದು ಒಳ್ಳೆಯದು.

## ಆಫ್ ಮಾಡಿದರೂ ಬಲ್ಬು ಮಂಕಾಗಿ ಉರಿಯುತ್ತದೆ ಅಥವಾ ಮಿಣುಕುತ್ತದೆ

ಸ್ಮಾರ್ಟ್ ಸ್ವಿಚ್ ಎಂಬುದು ದೀಪ ಆರಿದಾಗಲೂ ಎಚ್ಚರವಾಗಿರಬೇಕಾದ ಒಂದು ಪುಟ್ಟ ಕಂಪ್ಯೂಟರು, ಅದಕ್ಕೆ ಸದಾ ಕರೆಂಟು ಬೇಕು. ನ್ಯೂಟ್ರಲ್ ವೈರು ಬೋರ್ಡಿನಲ್ಲಿದ್ದರೆ ಅದು ನೇರವಾಗಿ ಕುಡಿಯುತ್ತದೆ. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಬಚ್ಚಲಮನೆಯ ಹೊರಗಿನ, ಮೆಟ್ಟಿಲ ಬಳಿಯ, ಬರೀ ಸ್ವಿಚ್‌ಗಳಿರುವ ಬೋರ್ಡುಗಳಲ್ಲಿ ಇಲ್ಲದಿರಬಹುದು. ಅಂಥಲ್ಲಿಗೆಂದೇ ಮಾರುವ ‘ನ್ಯೂಟ್ರಲ್ ಬೇಡದ’ ಸ್ವಿಚ್ ತನ್ನ ಪಾಲಿನ ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತದೆ. ಹಳೆಯ 60 ವ್ಯಾಟಿನ ತಂತಿ ಬಲ್ಬಿಗೆ ಆ ಹನಿ ಕರೆಂಟು ತಿಳಿಯುತ್ತಲೇ ಇರಲಿಲ್ಲ. 5 ವ್ಯಾಟಿನ ಎಲ್‌ಇಡಿಯಲ್ಲಿ ಅದೇ ಹನಿ ಒಳಗಿನ ಕೆಪಾಸಿಟರಿನಲ್ಲಿ ಶೇಖರವಾಗಿ, ತುಂಬಿದಾಗೊಮ್ಮೆ ಮಿಣುಕೆಂದು ಹೊಳೆದು ಖಾಲಿಯಾಗುತ್ತದೆ. ಹೋಲ್ಡರಿಗೆ ಸ್ವಲ್ಪ ಹೆಚ್ಚು ವ್ಯಾಟಿನ ಬಲ್ಬು ಹಾಕಿ ನೋಡುವುದು ಮೊದಲ ಪರೀಕ್ಷೆ. ಸ್ವಿಚ್ಚಿನೊಂದಿಗೆ ಕೊಡುವ ಪುಟ್ಟ ಕೆಪಾಸಿಟರನ್ನು ಬಲ್ಬಿನ ಎರಡು ತಂತಿಗಳಿಗೆ ಅಡ್ಡಲಾಗಿ ಹಾಕಿಸುವುದು ಪರಿಹಾರ.

ನ್ಯೂಟ್ರಲ್ ಇರುವ ಬೋರ್ಡಿನಲ್ಲೂ ಮಿಣುಕಾಟ ಕಂಡರೆ ಫೇಸಿನ ಬದಲು ನ್ಯೂಟ್ರಲ್ಲನ್ನೇ ಸ್ವಿಚ್ಚಿನ ಮೂಲಕ ಹಾಯಿಸಿರುವ ಸಂಭವವಿದೆ. ಹಾಗಿದ್ದರೆ ಆರಿದ ಬಲ್ಬಿನ ಹೋಲ್ಡರಿನಲ್ಲೂ ಫೇಸು ಕಾದು ಕೂತಿರುತ್ತದೆ, ಬಲ್ಬು ಬದಲಿಸುವವರ ಕೈಗೆ ಹೊಡೆಯುತ್ತದೆ. ಇದನ್ನು ಎಲೆಕ್ಟ್ರಿಷಿಯನ್ನಿಂದ ಸರಿಪಡಿಸಿಕೊಳ್ಳಲೇಬೇಕು.

ನ್ಯೂಟ್ರಲ್ ಸಿಗಲಿಲ್ಲವೆಂದು ಹಸಿರು ಅರ್ತ್ ವೈರನ್ನು ಅದರ ಜಾಗಕ್ಕೆ ಕೂಡಿಸುವ ‘ಉಪಾಯ’ವನ್ನು ಹೇಳಿಕೊಡುವವರಿದ್ದಾರೆ. ಕೂಡಿಸಿದರೆ ಸ್ವಿಚ್ ನಡೆಯುತ್ತದೆ ಕೂಡ. ಆದರೆ ಮುಂದೊಂದು ದಿನ ಆ ಅರ್ತ್ ತಂತಿ ಎಲ್ಲಾದರೂ ಕಳಚಿಕೊಂಡರೆ ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ಕಬ್ಬಿಣದ ಮೈಗೆ ಕರೆಂಟು ಬರುತ್ತದೆ.

## ಸ್ವಿಚ್ ಹಾಕಿಸಿದ ಮೇಲೆ ಆರ್‌ಸಿಸಿಬಿ ಬೀಳುತ್ತದೆ

ಆರ್‌ಸಿಸಿಬಿ ಎಂದರೆ ಕರೆಂಟು ಸೋರಿದರೆ ತಾನಾಗಿಯೇ ಬಿದ್ದು ಲೈನನ್ನು ಕಡಿಯುವ ಸುರಕ್ಷಾ ಸ್ವಿಚ್. ಇದು ನನ್ನನ್ನೇ ಎರಡು ದಿನ ಕಾಡಿದ ದೋಷ. ಸಾಗರದ ನಮ್ಮ ಮನೆಯಲ್ಲಿ ಮೆಟ್ಟಿಲ ಬೋರ್ಡಿಗೆ ನ್ಯೂಟ್ರಲ್ ಇರಲಿಲ್ಲ. ಅದರ ಪಕ್ಕದಲ್ಲೇ ಇರುವ, ಮಹಡಿಗೆ ಸೇರಿದ ಬೋರ್ಡಿನಿಂದ ಗೇಣುದ್ದದ ಕಪ್ಪು ವೈರು ಎಳೆದು ಮಾಡ್ಯೂಲಿಗೂ ಬಲ್ಬಿಗೂ ಅದನ್ನೇ ಕೊಟ್ಟೆ. ಹಗಲೆಲ್ಲ ಏನೂ ಆಗಲಿಲ್ಲ. ಸಂಜೆ ಅಮ್ಮ ಮೆಟ್ಟಿಲ ದೀಪ ಹಾಕಿದ ಕೂಡಲೇ ಮಹಡಿಯ ಕರೆಂಟೆಲ್ಲ ಹೋಯಿತು. ಬಲ್ಬು ಬದಲಿಸಿದೆ, ಮಾಡ್ಯೂಲು ಬದಲಿಸಿದೆ, ಮತ್ತೆ ಅದೇ ಕಥೆ. ಮೂರನೆಯ ದಿನ ಬಂದ ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚುವ ಮೊದಲೇ ಕೇಳಿದ ಪ್ರಶ್ನೆ ಒಂದೇ: ‘ಸರ್, ನ್ಯೂಟ್ರಲ್ ಎಲ್ಲಿಂದ ತಗೊಂಡ್ರಿ?’

ಆರ್‌ಸಿಸಿಬಿ ನೋಡುವುದು ತನ್ನ ಮೂಲಕ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ತನ್ನ ಮೂಲಕವೇ ಮರಳಿತೇ ಎಂಬುದನ್ನು. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಅದು ಬೀಳಬೇಕು. ನಮ್ಮ ಮನೆಯಲ್ಲಿ ಕೆಳಗಿನ ಅಂತಸ್ತಿಗೊಂದು, ಮಹಡಿಗೊಂದು ಆರ್‌ಸಿಸಿಬಿ ಇವೆ. ಫೇಸು ಕೆಳಗಿನದರಿಂದ ಹೊರಟು ನ್ಯೂಟ್ರಲ್ ಮೇಲಿನದಕ್ಕೆ ಮರಳುತ್ತಿತ್ತು. ಮಾಡ್ಯೂಲೊಂದೇ ಎಚ್ಚರವಾಗಿದ್ದಾಗ ಆ ಕರೆಂಟು ಕೆಲವೇ ಮಿಲಿಆಂಪಿಯರ್ ಆದ್ದರಿಂದ ಯಾರಿಗೂ ತಿಳಿಯಲಿಲ್ಲ. 9 ವ್ಯಾಟಿನ ಬಲ್ಬು ಹತ್ತಿದಾಗ ಅದು 39 ಮಿಲಿಆಂಪಿಯರ್ ದಾಟಿತು. ಅಂದರೆ ಆರ್‌ಸಿಸಿಬಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಅದನ್ನೇ ತೆಗೆಸಿಬಿಡೋಣವೇ ಎಂದು ಒಂದು ಗಳಿಗೆ ಯೋಚಿಸಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಎರವಲು ನ್ಯೂಟ್ರಲ್ ಹೀಗೆ ಸಿಕ್ಕಿಬೀಳುವುದಿಲ್ಲ, ಆದರೆ ಅಪಾಯ ಉಳಿದೇ ಇರುತ್ತದೆ. ಮಹಡಿಯ ಎಂಸಿಬಿ ಇಳಿಸಿ ನಿಶ್ಚಿಂತೆಯಿಂದ ಅಲ್ಲಿನ ನ್ಯೂಟ್ರಲ್ ಬಿಚ್ಚಿದವನಿಗೆ ಕೆಳಗಿನ ಬಲ್ಬಿನ ಮೂಲಕ ಬಂದ ಕರೆಂಟು ಹೊಡೆಯಬಹುದು. ಫೇಸು ಯಾವ ಎಂಸಿಬಿಯಿಂದ ಬಂದಿದೆಯೋ ಅದೇ ಸರ್ಕ್ಯೂಟಿನ ನ್ಯೂಟ್ರಲ್ಲನ್ನೇ ತರಬೇಕು.

## ‘ಟಿಕ್’ ಎಂದು ಸದ್ದಾಗುತ್ತದೆ, ದೀಪ ಮಾತ್ರ ಬದಲಾಗುವುದಿಲ್ಲ

ಸದ್ದು ಬಂದೂ ದೀಪ ಹತ್ತದಿದ್ದರೆ ಮೊದಲು ಬಲ್ಬು ಬದಲಿಸಿ, ಅನಂತರ ಟರ್ಮಿನಲ್ಲಿನ ಸ್ಕ್ರೂ ಸಡಿಲವಾಗಿದೆಯೇ ನೋಡಬೇಕು. ಸದ್ದು ಬಂದೂ ದೀಪ ಆರದಿದ್ದರೆ ರಿಲೇಯ ಸಂಪರ್ಕಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಹಲವು ಎಲ್‌ಇಡಿಗಳನ್ನು ಒಂದೇ ಸ್ವಿಚ್ಚಿಗೆ ಕಟ್ಟಿದರೆ ಹತ್ತುವ ಕ್ಷಣದಲ್ಲಿ ಅವು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಹೀಗಾಗುತ್ತದೆ. ಬೆರಳಿನಿಂದ ತಟ್ಟಿದರೆ ಬಿಡಿಸಿಕೊಳ್ಳುವುದುಂಟು, ಮತ್ತೆ ಅಂಟಿಕೊಳ್ಳುವುದು ಖಚಿತ. ಸ್ವಿಚ್ಚನ್ನು ಬದಲಿಸಬೇಕು. 3000 ವ್ಯಾಟಿನ ಗೀಸರು 13 ಆಂಪಿಯರ್ ಎಳೆಯುತ್ತದೆ, ಸಂಪಿನ ಮೋಟಾರು ಹೊರಡುವಾಗ ಅದರ ಮಾಮೂಲಿ ಕರೆಂಟಿನ ಕೆಲವು ಪಟ್ಟು ಬೇಡುತ್ತದೆ. ಇವನ್ನು ದೀಪದ ಸ್ವಿಚ್ಚಿಗೆ ಕಟ್ಟಕೂಡದು.

ಫ್ಯಾನು ಗುಂಯ್‌ಗುಡುತ್ತಿದ್ದರೆ ಅದನ್ನು ಹೆಚ್ಚಾಗಿ ದೀಪದ ಡಿಮ್ಮರಿಗೆ (ಬೆಳಕು ಹೆಚ್ಚು ಕಡಿಮೆ ಮಾಡುವ ಸಾಧನಕ್ಕೆ) ಕೊಟ್ಟಿರುತ್ತಾರೆ. ಒಳಗೇ ವೇಗ ನಿಯಂತ್ರಣವಿರುವ ಬಿಎಲ್‌ಡಿಸಿ ಫ್ಯಾನಿಗಂತೂ ಡಿಮ್ಮರೂ ಬೇಡ, ರೆಗ್ಯುಲೇಟರೂ ಬೇಡ.

## ಕೈ ಹಿಂದೆಗೆದು ಬೇರೆಯವರನ್ನು ಕರೆಯಬೇಕಾದ ಲಕ್ಷಣಗಳು

ಬೋರ್ಡಿನ ಮುಚ್ಚಳ ಬಿಸಿಯಾಗಿದ್ದರೆ, ಸುಟ್ಟ ಮೀನಿನಂಥ ವಾಸನೆ ಬಂದರೆ, ಒಳಗೆ ಚರಚರ ಸದ್ದು ಕೇಳಿದರೆ, ಮಳೆಗಾಲದಲ್ಲಿ ಬೋರ್ಡಿನ ಗೋಡೆ ಒದ್ದೆಯಾಗಿದ್ದರೆ ಆ ಎಂಸಿಬಿಯನ್ನೂ ಇನ್ವರ್ಟರನ್ನೂ ಇಳಿಸಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬಾರದು. ಎಂಸಿಬಿ ಮತ್ತೆ ಮತ್ತೆ ಬೀಳುತ್ತಿದ್ದರೆ ಅದನ್ನು ಬಲವಂತವಾಗಿ ಎತ್ತಿ ನಿಲ್ಲಿಸುವುದೂ ಸಲ್ಲದು.

ಒಂದು ಕೋಣೆಯ ದೀಪಗಳು ಕಣ್ಣು ಕುಕ್ಕುವಷ್ಟು ಪ್ರಖರವಾಗಿ, ಅದೇ ಹೊತ್ತಿಗೆ ಇನ್ನೊಂದು ಕೋಣೆಯವು ಮಂಕಾಗಿ ಉರಿಯತೊಡಗಿದರೆ ಸ್ಮಾರ್ಟ್ ಸ್ವಿಚ್ಚಿನ ಬಗ್ಗೆ ಯೋಚಿಸುತ್ತ ನಿಲ್ಲಬಾರದು. ಮೂರು ಫೇಸಿನ ಸಂಪರ್ಕವಿರುವ ಮನೆಯಲ್ಲಿ ಇದು ನ್ಯೂಟ್ರಲ್ ಕಳಚಿಕೊಂಡ ಲಕ್ಷಣ. ಸಾಧನಗಳಿಗೆ 230ರ ಬದಲು 400 ವೋಲ್ಟಿನವರೆಗೂ ಏರಬಹುದು, ರೂಟರು, ಟಿವಿ, ಸ್ವಿಚ್‌ಗಳು ನಿಮಿಷಗಳಲ್ಲಿ ಸುಡಬಹುದು. ಮೊದಲು ಮೇನ್ ಇಳಿಸಬೇಕು. ಅಕ್ಕಪಕ್ಕದ ಮನೆಗಳಲ್ಲೂ ಹೀಗೇ ಆಗಿದೆಯೇ ಎಂದು ವಿಚಾರಿಸಿ, ಆಗಿದ್ದರೆ ಅಥವಾ ಮೀಟರಿನ ಬಳಿಯೇ ಕಿಡಿ ಕಂಡಿದ್ದರೆ ವಿದ್ಯುತ್ ಸರಬರಾಜು ಕಂಪನಿಯ 1912ಕ್ಕೆ ಕರೆ ಮಾಡಿ, ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ ಹೇಳಿ ‘ನ್ಯೂಟ್ರಲ್ ಕಟ್ ಆಗಿರುವಂತಿದೆ’ ಎಂದು ತಿಳಿಸಬೇಕು. ಮೀಟರಿನ ಸೀಲು ಮತ್ತು ಅದರಿಂದಾಚೆಗಿನ ತಂತಿ ಲೈನ್‌ಮನ್‌ಗೆ ಸೇರಿದ್ದು.